ಕಳೆದುಹೋದ ಡ್ರೋನ್ ತಾನಿರುವ ಜಾಗವನ್ನು ಹೇಳಬೇಕಾದರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ವರ್ಷಗಳಿಂದ ಹವ್ಯಾಸಕ್ಕಾಗಿ ಡ್ರೋನ್ ಹಾರಿಸುತ್ತಿದ್ದೇನೆ. ಇತ್ತೀಚೆಗೆ ಒಂದು ಬಯಲಿನಲ್ಲಿ ಚಿತ್ರೀಕರಣ ಮಾಡುತ್ತಿದ್ದಾಗ ಪರದೆಯ ಮೇಲಿನ ದೃಶ್ಯ ಇದ್ದಕ್ಕಿದ್ದಂತೆ ನಿಂತುಹೋಯಿತು. ಡ್ರೋನ್ ಮರಳಿ ಬರಲೇ ಇಲ್ಲ; ಎರಡು ದಿನ ಹುಡುಕಿದರೂ ಸಿಗಲಿಲ್ಲ. ಈಗ ಕೊಂಡಿರುವ ಹೊಸ ಡ್ರೋನ್‌ಗೆ ಟ್ರ್ಯಾಕರ್ ಅಳವಡಿಸಬೇಕೆಂದಿದ್ದೇನೆ. ಬೀಗದ ಕೈ ಗೊಂಚಲಿಗೆ ಹಾಕುವಂಥ ಬ್ಲೂಟೂತ್ ಟ್ಯಾಗ್ ಸಾಕೇ, ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್ ಬೇಕೇ? ಡ್ರೋನ್‌ನಲ್ಲೇ ಜಿಪಿಎಸ್ ಇರುವಾಗ ಇನ್ನೊಂದು ಏಕೆ ಎಂದು ಗೆಳೆಯರು ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಗೆಳೆಯರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ತೀರ್ಮಾನವಾದಂತೆಯೇ. ಜಿಪಿಎಸ್ ಎಂಬುದು ಕೇವಲ ಕೇಳಿಸಿಕೊಳ್ಳುವ ಸಾಧನ. ಉಪಗ್ರಹಗಳ ಸಂಕೇತವನ್ನು ಕೇಳಿ ತಾನು ಎಲ್ಲಿದ್ದೇನೆಂದು ಡ್ರೋನ್ ಲೆಕ್ಕ ಹಾಕಿಕೊಳ್ಳುತ್ತದೆ, ಅಷ್ಟೇ. ಆ ಲೆಕ್ಕವನ್ನು ನಿಮ್ಮ ರಿಮೋಟ್‌ಗೆ ತಲುಪಿಸುವುದು ಡ್ರೋನ್‌ನ ರೇಡಿಯೊ. ಆ ರೇಡಿಯೊಗೆ ಜೀವ ಕೊಡುವುದು ಮುಖ್ಯ ಬ್ಯಾಟರಿ. ಡ್ರೋನ್ ಜೋರಾಗಿ ನೆಲಕ್ಕೆ ಬಡಿದಾಗ ಬ್ಯಾಟರಿ ತನ್ನ ಕೊಂಡಿಯಿಂದ ಕಳಚಿ ಹಾರಿಹೋಗುವುದು ತೀರ ಸಾಮಾನ್ಯ. ಆ ಕ್ಷಣದಿಂದ ಜಿಪಿಎಸ್, ರೇಡಿಯೊ, ದೀಪ, ಮೋಟಾರ್‌ಗಳ ಬೀಪ್ ಸದ್ದು ಎಲ್ಲವೂ ಒಟ್ಟಿಗೆ ಸ್ತಬ್ಧವಾಗುತ್ತವೆ. ಕೆಲವು ಡ್ರೋನ್‌ಗಳ ಆ್ಯಪ್‌ನಲ್ಲಿ ‘ನನ್ನ ಡ್ರೋನ್ ಹುಡುಕು’ ಎಂಬಂಥ ಸೌಲಭ್ಯವಿರುತ್ತದೆ. ಅದು ಕೊನೆಯದಾಗಿ ದಾಖಲಾದ ಸ್ಥಳವನ್ನು ನಕಾಶೆಯಲ್ಲಿ ತೋರಿಸುತ್ತದೆ, ಸಂಪರ್ಕ ಇನ್ನೂ ಉಳಿದಿದ್ದರೆ ದೀಪ ಮಿನುಗಿಸಿ ಸದ್ದನ್ನೂ ಮಾಡಿಸುತ್ತದೆ. ಬ್ಯಾಟರಿ ಕಳಚಿದ ಮೇಲೆ ಉಳಿಯುವುದು ಆ ಕೊನೆಯ ಬಿಂದು ಮಾತ್ರ.

ಆದ್ದರಿಂದ ಟ್ರ್ಯಾಕರ್‌ನ ನಿಜವಾದ ಕೆಲಸ ಆರಂಭವಾಗುವುದೇ ಡ್ರೋನ್‌ನ ಸ್ವಂತ ದನಿ ನಿಂತ ಮೇಲೆ. ಯಾವುದನ್ನೇ ಕೊಳ್ಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಡ್ರೋನ್‌ನ ಬ್ಯಾಟರಿ ಇಲ್ಲದೆಯೂ ಇದು ಬದುಕಿರುತ್ತದೆಯೇ? ಹುಲ್ಲಿನ ನಡುವೆ ಮಗುಚಿ ಬಿದ್ದಿರುವಾಗ ಇದು ಹೇಳುವುದನ್ನು ಕೇಳಿಸಿಕೊಳ್ಳುವವರು ಯಾರು? ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ಸಾಧನವನ್ನು ಅಲ್ಲಿಗೇ ಬಿಡುವುದು ಲೇಸು. ಮುಖ್ಯ ಬ್ಯಾಟರಿಯಿಂದ ವಿದ್ಯುತ್ ಪಡೆಯುವ ಟ್ರ್ಯಾಕರ್‌ನಲ್ಲಿ ಕೊನೇಪಕ್ಷ ಸಣ್ಣದೊಂದು ಸ್ವಂತ ಬ್ಯಾಟರಿಯಾದರೂ ಇರಲೇಬೇಕು.

ಎರಡನೆಯ ಪ್ರಶ್ನೆಗೆ ಉತ್ತರ ನೀವು ಹಾರಿಸುವ ಜಾಗವನ್ನು ಅವಲಂಬಿಸಿದೆ. ಬ್ಲೂಟೂತ್ ಟ್ಯಾಗ್‌ಗೆ ತಾನೆಲ್ಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. 2021ರಲ್ಲಿ ಬಂದ ಆ್ಯಪಲ್ ಏರ್‌ಟ್ಯಾಗ್ ಆಗಲಿ, ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಟ್ಯಾಗ್ ಆಗಲಿ ಮಾಡುವುದು ಇಷ್ಟೇ: ಆಗಾಗ ಒಂದು ಕ್ಷೀಣವಾದ ಗುರುತಿನ ಸಂಕೇತವನ್ನು ಹೊರಡಿಸುತ್ತವೆ. ಹತ್ತಿರದಲ್ಲಿ ಹಾದುಹೋಗುವ ಅಪರಿಚಿತರ ಫೋನ್ ಅದನ್ನು ಗ್ರಹಿಸಿ, ಆ ಫೋನ್ ಇರುವ ಸ್ಥಳವನ್ನು ನಿಮಗೆ ತಿಳಿಸುತ್ತದೆ. ಆ ಫೋನ್ ಕೂಡ ಅದೇ ಜಾಲಕ್ಕೆ ಸೇರಿದ್ದಾಗಿರಬೇಕು. ಉದ್ಯಾನದಲ್ಲೋ ಮನೆಗಳ ನಡುವೆಯೋ ಬಿದ್ದ ಡ್ರೋನ್‌ಗೆ ಇದು ಬಹಳ ಒಳ್ಳೆಯ ವ್ಯವಸ್ಥೆ; ಜನ ಓಡಾಡದ ಬಯಲಿನಲ್ಲಿ ಬಿದ್ದದ್ದಕ್ಕೆ ಯಾರೂ ಓಗೊಡುವವರಿಲ್ಲ. ಆದರೂ ಅಲ್ಲಿ ಅದು ಪೂರ್ತಿ ನಿಷ್ಪ್ರಯೋಜಕವಲ್ಲ. ಹುಡುಕುತ್ತ ಸಾಗುವ ನಿಮ್ಮ ಕೈಯಲ್ಲೇ ಒಂದು ಫೋನ್ ಇರುತ್ತದಲ್ಲವೇ? ಸುಮಾರು ಹತ್ತಿಪ್ಪತ್ತು ಮೀಟರ್ ಸಮೀಪಕ್ಕೆ ಬಂದರೆ ಅದೇ ಸಂಕೇತವನ್ನು ಹಿಡಿಯುತ್ತದೆ; ಅಗತ್ಯ ಚಿಪ್ ಇರುವ ಫೋನ್‌ಗಳಲ್ಲಿ ಬಾಣದ ಗುರುತು ದಿಕ್ಕನ್ನೂ ದೂರವನ್ನೂ ತೋರಿಸುತ್ತದೆ.

ಸಿಮ್ ಹಾಕುವ ಟ್ರ್ಯಾಕರ್ ತನ್ನ ಸ್ಥಳವನ್ನು ತಾನೇ ಕಂಡುಕೊಂಡು ಮೊಬೈಲ್ ಜಾಲದ ಮೂಲಕ ನಿಮಗೆ ಸಂದೇಶ ಕಳುಹಿಸುತ್ತದೆ. ಪರರ ಫೋನಿನ ಹಂಗಿಲ್ಲ. ಅದಕ್ಕೆ ಬೇಕಾದದ್ದು ಎರಡು: ಮೇಲಕ್ಕೆ ತೆರೆದ ಆಕಾಶ ಮತ್ತು ನೆಲಮಟ್ಟದಲ್ಲಿ ಮೊಬೈಲ್ ಸಿಗ್ನಲ್. ನಿಂತಿರುವ ನಿಮ್ಮ ಕೈಯಲ್ಲಿ ಸಿಗ್ನಲ್ ಇದೆ ಎಂದಮಾತ್ರಕ್ಕೆ ಹಳ್ಳದೊಳಗೆ ಬಿದ್ದ ಟ್ರ್ಯಾಕರ್‌ಗೂ ಇರುತ್ತದೆಂದು ಹೇಳಲಾಗದು. ಹಳೆಯ 2ಜಿ ಜಾಲವನ್ನು ಹಲವು ದೇಶಗಳು ಮುಚ್ಚಿರುವುದರಿಂದ ಕೊಳ್ಳುವ ಟ್ರ್ಯಾಕರ್ ಯಾವ ಜಾಲದಲ್ಲಿ ಕೆಲಸ ಮಾಡುತ್ತದೆಂದು ಮೊದಲೇ ನೋಡಿಕೊಳ್ಳಿ. ಸಿಮ್‌ನ ಅವಧಿ ಮುಗಿಯದಂತೆ ಎಚ್ಚರ ವಹಿಸಬೇಕಾದದ್ದೂ ಇದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟ ಸಿಮ್ ಬೇಕಾದ ದಿನವೇ ನಿಷ್ಕ್ರಿಯವಾಗಿರುವುದುಂಟು.

ಮೂರನೆಯದು ನೇರ ರೇಡಿಯೊ. ಟ್ರ್ಯಾಕರ್ ಕಳುಹಿಸುವ ಸಂಕೇತವನ್ನು ಹಿಡಿಯುವ ಗ್ರಾಹಕ ನಿಮ್ಮ ಕೈಯಲ್ಲೇ ಇರುತ್ತದೆ. ನಡುವೆ ಯಾವ ಕಂಪನಿಯ ಜಾಲವೂ ಇಲ್ಲ. ‘ಲೋರಾ’ ಎಂಬ ವಿಧಾನದಲ್ಲಿ ಅತಿ ಕಡಿಮೆ ಶಕ್ತಿಯಿಂದ ಸಣ್ಣ ಸಣ್ಣ ಸಂದೇಶಗಳು ಬಹುದೂರ ಸಾಗುತ್ತವೆ. ಅಡೆತಡೆ ಇಲ್ಲದಿದ್ದರೆ ಹಲವು ಕಿಲೋಮೀಟರ್ ತಲುಪುವ ಸಂಕೇತ, ಡ್ರೋನ್ ನೆಲಕ್ಕೆ ಬಿದ್ದ ಮೇಲೆ ಕೆಲವು ನೂರು ಮೀಟರ್‌ಗೆ ಕುಗ್ಗಬಹುದು. ಆಗ ಎತ್ತರದ ಜಾಗಕ್ಕೆ ಹತ್ತಿ ಕೇಳಬೇಕು. ಇದಕ್ಕಿಂತ ಸರಳವಾದ, ಜಿಪಿಎಸ್ ಇಲ್ಲದ ಬೀಕನ್‌ಗಳೂ ಇವೆ. ಅವು ಬರಿದೆ ಮಿಡಿಯುತ್ತಿರುತ್ತವೆ. ದಿಕ್ಕುಳ್ಳ ಆ್ಯಂಟೆನಾ ಹಿಡಿದು ಸುತ್ತ ತಿರುಗುತ್ತ, ಸದ್ದು ಎತ್ತ ಜೋರಾಗುತ್ತದೋ ಅತ್ತ ನಡೆಯಬೇಕು. ವನ್ಯಜೀವಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಪ್ರಾಣಿಗಳನ್ನು 1960ರ ದಶಕದಿಂದಲೂ ಹುಡುಕುತ್ತಿರುವುದು ಹೀಗೆಯೇ. ದಿಕ್ಕುಳ್ಳ ಆ್ಯಂಟೆನಾ ಇಲ್ಲದಿದ್ದರೆ ಗ್ರಾಹಕವನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ನಿಧಾನವಾಗಿ ಸುತ್ತಿ ನೋಡಿ. ನಿಮ್ಮ ದೇಹವೇ ಸಂಕೇತವನ್ನು ಮರೆಮಾಡುತ್ತದೆ. ಸದ್ದು ತೀರ ಕುಂದಿದಾಗ ಡ್ರೋನ್ ನಿಮ್ಮ ಬೆನ್ನ ಹಿಂದಿದೆ ಎಂದು ತಿಳಿಯಬಹುದು. ಯಾವ ಕಂಪನಾಂಕವನ್ನು ಪರವಾನಗಿ ಇಲ್ಲದೆ ಬಳಸಬಹುದು ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಆದ್ದರಿಂದ ಬೇರೆ ದೇಶದಿಂದ ತರಿಸುವ ಮುನ್ನ ವಿಚಾರಿಸಿಕೊಳ್ಳಿ.

ನನ್ನ ಅಭಿಪ್ರಾಯ ಇದು: ಜನವಸತಿಯ ಸುತ್ತಮುತ್ತ ಹಾರಿಸುವವರಿಗೆ ಬ್ಲೂಟೂತ್ ಟ್ಯಾಗ್ ಸಾಕು, ಮೊಬೈಲ್ ಸಿಗ್ನಲ್ ಚೆನ್ನಾಗಿರುವ ಬಯಲಿಗೆ ಸಿಮ್ ಟ್ರ್ಯಾಕರ್ ಹೊಂದುತ್ತದೆ, ಎರಡೂ ಇಲ್ಲದ ಕಡೆ ರೇಡಿಯೊ ಬೇಕು. ಎಲ್ಲಿಯೇ ಹಾರಿಸಿದರೂ ಇವುಗಳ ಜೊತೆಗೊಂದು ಸ್ವಂತ ಬ್ಯಾಟರಿಯ ಬಜರ್ ಇರಲಿ ಎಂದು ಒತ್ತಿ ಹೇಳುತ್ತೇನೆ. ಮುಖ್ಯ ವಿದ್ಯುತ್ ಕಡಿತವಾದ ಕೂಡಲೇ ತಾನಾಗಿ ಕೂಗಲಾರಂಭಿಸುವ, ಕೆಲವೇ ಗ್ರಾಂ ತೂಕದ ಬಜರ್‌ಗಳು ಸಿಗುತ್ತವೆ. ಜಿಪಿಎಸ್ ನಿಮ್ಮನ್ನು ಡ್ರೋನ್‌ನಿಂದ ಐದಾರು ಮೀಟರ್ ದೂರಕ್ಕೆ ತಂದು ನಿಲ್ಲಿಸಬಹುದು, ಮರಗಳ ಕೆಳಗಾದರೆ ಇಪ್ಪತ್ತು ಮೀಟರ್ ದೂರಕ್ಕೆ. ಸೊಂಟದೆತ್ತರದ ಹುಲ್ಲಿನಲ್ಲಿ ಆ ಇಪ್ಪತ್ತು ಮೀಟರ್ ಎಷ್ಟು ದೊಡ್ಡದೆಂಬುದು ಅನುಭವಿಸಿದವರಿಗೆ ಗೊತ್ತು.

ನನಗೆ ಅದು ಗೊತ್ತಾದದ್ದು ಒಂದು ಸಂಜೆ. ಟ್ರ್ಯಾಕರ್ ತೋರಿಸಿದ ಬಿಂದುವಿನ ಮೇಲೆಯೇ ನಿಂತು ಅರ್ಧ ಗಂಟೆ ಹುಡುಕಿದೆ. ಅದೇ ಜಾಗವನ್ನು ಮೂರು ಸಲ ತುಳಿದೆ. ಗಾಳಿ ನಿಂತು ಹುಲ್ಲಿನ ಸರಸರ ಸದ್ದು ಅಡಗಿದಾಗ ಮಾತ್ರ ಎಡಗಡೆಯಿಂದ ಕೀಟವೊಂದು ಕೂಗಿದಂಥ ತೆಳುವಾದ ಬೀಪ್ ಕೇಳಿಸಿತು. ಹುಲ್ಲನ್ನು ಎರಡೂ ಕೈಗಳಿಂದ ಸರಿಸಿದರೆ ಡ್ರೋನ್ ಹೊಟ್ಟೆ ಮೇಲಾಗಿ, ಒಂದು ತೋಳು ಮಣ್ಣಿನಲ್ಲಿ ಹೂತು ಬಿದ್ದಿತ್ತು. ಬ್ಯಾಟರಿ ಅಲ್ಲಿರಲಿಲ್ಲ. ಅದು ಸಿಕ್ಕಿದ್ದು ಏಳೆಂಟು ಹೆಜ್ಜೆ ಮುಂದೆ.

ಪ್ರಶ್ನೆ: ನನ್ನ ಡ್ರೋನ್ 249 ಗ್ರಾಂ ತೂಗುತ್ತದೆ. ಟ್ಯಾಗ್ ಅಂಟಿಸಿದರೆ ಏನಾದರೂ ತೊಂದರೆಯೇ?

ಉತ್ತರ: ತೊಂದರೆ ಹಾರಾಟಕ್ಕಿಂತ ಹೆಚ್ಚಾಗಿ ಕಾನೂನಿನದು. ಬಹಳಷ್ಟು ದೇಶಗಳ ನಿಯಮಗಳಲ್ಲಿ 250 ಗ್ರಾಂ ಒಂದು ಗಡಿ. ಅದರ ಒಳಗಿರುವ ಡ್ರೋನ್‌ಗಳಿಗೆ ನೋಂದಣಿ, ಪರೀಕ್ಷೆ ಮುಂತಾದವುಗಳಲ್ಲಿ ರಿಯಾಯಿತಿ ಇರುತ್ತದೆ. ತಯಾರಕರು 249ಕ್ಕೆ ತಂದು ನಿಲ್ಲಿಸಿರುವುದೇ ಆ ಕಾರಣಕ್ಕೆ. ಏರ್‌ಟ್ಯಾಗ್‌ನ ತೂಕ 11 ಗ್ರಾಂ. ಅದನ್ನು ಅಂಟಿಸಿದರೆ ನಿಮ್ಮ ಡ್ರೋನ್ 260 ಗ್ರಾಂ ಆಗುತ್ತದೆ, ಮತ್ತು ಮೇಲಿನ ವರ್ಗದ ನಿಯಮಗಳು ನಿಮಗೆ ಅನ್ವಯವಾಗಬಹುದು. ಹಾರುವಾಗಿನ ಒಟ್ಟು ತೂಕ ಎಷ್ಟೆಂಬುದೇ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು. ಪೆಟ್ಟಿಗೆಯ ಮೇಲೆ ಮುದ್ರಿಸಿದ ಸಂಖ್ಯೆ ರಕ್ಷಣೆ ಕೊಡುವುದಿಲ್ಲ. ಹಾರುವ ಸ್ಥಿತಿಯಲ್ಲಿ, ಬ್ಯಾಟರಿ, ಪ್ರೊಪೆಲ್ಲರ್, ಮೆಮೊರಿ ಕಾರ್ಡ್ ಎಲ್ಲದರ ಸಹಿತ ತಕ್ಕಡಿಯಲ್ಲಿಟ್ಟು ನೋಡಿ. ಗಡಿ ದಾಟಿದರೆ ಅದಕ್ಕೆ ತಕ್ಕ ನೋಂದಣಿ ಮಾಡಿಸಿಕೊಂಡು ಹಾರಿಸುವುದೇ ಸರಿ.

ಹಾರಾಟದ ದೃಷ್ಟಿಯಿಂದ ಹೇಳುವುದಾದರೆ ಇದು ನಾಲ್ಕೂವರೆ ಶೇಕಡಾಕ್ಕೆ ಹತ್ತಿರದ ಹೆಚ್ಚಳ. ಹಾರಾಟದ ಅವಧಿ ಸ್ವಲ್ಪ ತಗ್ಗುತ್ತದೆ, ಮೋಟಾರ್‌ಗಳು ಸ್ವಲ್ಪ ಹೆಚ್ಚು ದುಡಿಯುತ್ತವೆ. ಅದೇ ಡ್ರೋನ್‌ಗೆ 40 ಗ್ರಾಂನ ಸಿಮ್ ಟ್ರ್ಯಾಕರ್ ಕಟ್ಟುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗಾಳಿ ಬೀಸಿದಾಗ ಎದುರಿಸಿ ಮರಳುವ ಶಕ್ತಿಯನ್ನೇ ಕುಂದಿಸುವ ಹೊರೆ, ಡ್ರೋನ್ ಕಳೆದುಹೋಗುವುದಕ್ಕೆ ತಾನೇ ಕಾರಣವಾದೀತು.

ಪ್ರಶ್ನೆ: ಟ್ಯಾಗನ್ನು ಡ್ರೋನ್‌ನ ಬೆನ್ನಿಗೆ ಅಂಟಿಸಿದ ಮೇಲೆ ಆ್ಯಪ್‌ನಲ್ಲಿ ದಿಕ್ಸೂಚಿ ದೋಷವೆಂದು ಎಚ್ಚರಿಕೆ ಬರುತ್ತಿದೆ. ಟ್ಯಾಗ್ ಸಣ್ಣದು, ಅದರಿಂದ ಹೀಗಾಗಲು ಸಾಧ್ಯವೇ?

ಉತ್ತರ: ಸಾಧ್ಯ. ಆ ಎಚ್ಚರಿಕೆ ಬರುತ್ತಿರುವಾಗ ದಯವಿಟ್ಟು ಹಾರಿಸಬೇಡಿ. ಸದ್ದು ಮಾಡುವ ಟ್ಯಾಗ್‌ಗಳ ಸ್ಪೀಕರ್‌ನಲ್ಲಿ ಅಯಸ್ಕಾಂತ ಇರಬಹುದು, ಏರ್‌ಟ್ಯಾಗ್‌ನಲ್ಲಿ ಇದೆ. ಡ್ರೋನ್‌ನ ದಿಕ್ಸೂಚಿ ಭೂಮಿಯ ಕ್ಷೀಣ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಬೆರಳಗಲದ ದೂರದಲ್ಲಿರುವ ಪುಟ್ಟ ಅಯಸ್ಕಾಂತವೂ ಅದಕ್ಕೆ ದೊಡ್ಡದಾಗಿ ಕಾಣುತ್ತದೆ. ದಿಕ್ಕು ತಪ್ಪಿದ ಡ್ರೋನ್ ಮನೆ ಕಡೆಗೆ ಹೊರಟೆನೆಂದು ಬೇರೆಡೆಗೆ ಹೋಗಬಹುದು, ಅಥವಾ ಒಂದೇ ಕಡೆ ನಿಲ್ಲಲಾರದೆ ಸುತ್ತು ಹಾಕುತ್ತ ದೂರ ಸರಿಯಬಹುದು.

ಒಂದು ಸುಲಭ ಪರೀಕ್ಷೆ ಇದೆ. ಮುಳ್ಳು ತಿರುಗುವ ಸಾದಾ ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು ಟ್ಯಾಗನ್ನು ಪಕ್ಕದಿಂದ ನಿಧಾನವಾಗಿ ಹತ್ತಿರ ತನ್ನಿ. ಮುಳ್ಳು ಅಲುಗಲು ಆರಂಭಿಸುವ ದೂರವನ್ನು ಗುರುತು ಮಾಡಿಕೊಂಡರೆ, ಡ್ರೋನ್‌ನ ದಿಕ್ಸೂಚಿಯಿಂದ ಟ್ಯಾಗ್ ಕನಿಷ್ಠ ಅದರ ಎರಡರಷ್ಟಾದರೂ ದೂರವಿರುವಂತೆ ನೋಡಿಕೊಳ್ಳಬಹುದು. ವಿದ್ಯುತ್ ಹಾಯಿಸಿದಾಗ ಕಂಪಿಸುವ ತೆಳುವಾದ ಬಿಲ್ಲೆಯಿಂದ ಸದ್ದು ಮಾಡುವ ಪೀಜೋ ಬಜರ್‌ಗಳಲ್ಲಿ ಅಯಸ್ಕಾಂತ ಇರುವುದಿಲ್ಲ, ಹಾಗಾಗಿ ಅವುಗಳಿಂದ ಈ ಕಾಟವಿಲ್ಲ.

ಜಾಗ ಆರಿಸುವಾಗ ಗಮನಿಸಬೇಕಾದದ್ದು ಇನ್ನೂ ಇದೆ. ಸಿಮ್ ಟ್ರ್ಯಾಕರ್‌ನ ರೇಡಿಯೊ ಸಂದೇಶ ಕಳುಹಿಸುವ ಕ್ಷಣದಲ್ಲಿ ಗಟ್ಟಿಯಾಗಿ ಕೂಗುತ್ತದೆ. ಜಿಪಿಎಸ್ ಗ್ರಾಹಕವೋ ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹದ ಪಿಸುಮಾತನ್ನು ಕೇಳಲು ಪ್ರಯತ್ನಿಸುತ್ತಿರುತ್ತದೆ. ಇವೆರಡನ್ನೂ ಒಂದರ ಪಕ್ಕ ಒಂದು ಇಡಬಾರದು. ಕಾರ್ಬನ್ ಫೈಬರ್ ವಿದ್ಯುದ್ವಾಹಕವಾದ್ದರಿಂದ ಅದರ ಫಲಕದಡಿ ಸೇರಿಸಿದ ಆ್ಯಂಟೆನಾ ಡಬ್ಬಿಯೊಳಗೆ ಮುಚ್ಚಿಟ್ಟಂತೆಯೇ. ಪ್ಲಾಸ್ಟಿಕ್ ಹೊದಿಕೆಯಾದರೆ ಚಿಂತೆ ಇಲ್ಲ. ಹೊಟ್ಟೆಯ ಭಾಗದಲ್ಲಿ ನೆಲವನ್ನು ನೋಡುವ ಕ್ಯಾಮೆರಾ ಮತ್ತು ಸಂವೇದಕಗಳಿರುತ್ತವೆ, ಬದಿಯಲ್ಲಿ ಬಿಸಿಗಾಳಿ ಹೊರಬರುವ ಕಿಂಡಿಗಳಿರುತ್ತವೆ; ಅವನ್ನು ಮುಚ್ಚಬೇಡಿ. ಬ್ಯಾಟರಿಯ ಮೇಲೆ ಅಂಟಿಸುವುದು ಹಲವರು ಮಾಡುವ ತಪ್ಪು. ಮೇಲೆ ಹೇಳಿದ ಸಂಜೆ ನಾನು ಹಾಗೆ ಅಂಟಿಸಿದ್ದರೆ ಸಿಗುತ್ತಿದ್ದದ್ದು ಬ್ಯಾಟರಿ ಮಾತ್ರ. ಬಿದ್ದಾಗ ಕೊನೆಯವರೆಗೂ ಜೊತೆಗಿರುವುದು ದೇಹದ ಚೌಕಟ್ಟು. ಎರಡೂ ಬದಿ ಅಂಟುವ ಸ್ಪಂಜಿನ ಪಟ್ಟಿಯಿಂದ ಅದಕ್ಕೆ ಅಂಟಿಸಿ, ಮೇಲೊಂದು ಪ್ಲಾಸ್ಟಿಕ್ ಕಟ್ಟುಪಟ್ಟಿ ಬಿಗಿಯಿರಿ. ಪ್ರೊಪೆಲ್ಲರ್‌ಗಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲವೆಂದು ನೋಡಿ. ಆಮೇಲೆ ದಿಕ್ಸೂಚಿಯನ್ನು ಹೊಸದಾಗಿ ಹೊಂದಿಸಿ, ಎರಡಾಳೆತ್ತರದಲ್ಲಿ ಎರಡು ನಿಮಿಷ ನಿಲ್ಲಿಸಿ ಪರೀಕ್ಷಿಸದೆ ದೂರ ಕಳುಹಿಸಬೇಡಿ.

ಪ್ರಶ್ನೆ: ಕೆರೆ, ಸಮುದ್ರಗಳ ಮೇಲೆ ಹಾರಿಸುವಾಗಲೂ ಇವು ಉಪಯೋಗಕ್ಕೆ ಬರುತ್ತವೆಯೇ?

ಉತ್ತರ: ಮುಳುಗಿದ ಮೇಲೆ ಇಲ್ಲ. ಟ್ಯಾಗ್ ನೀರು ಸೋರದಂತಿದ್ದರೂ ಅದರ ರೇಡಿಯೊ ಸಂಕೇತವನ್ನು ನೀರು ನುಂಗಿಬಿಡುತ್ತದೆ. ಉಪ್ಪುನೀರು ಇನ್ನೂ ಬೇಗ ನುಂಗುತ್ತದೆ. ಡ್ರೋನನ್ನು ತೇಲಿಸುವ ಹಗುರ ತೇಲುಗಳಿದ್ದರೆ ಮಾತ್ರ ಟ್ರ್ಯಾಕರ್‌ಗೆ ಅರ್ಥ.

ಪ್ರಶ್ನೆ: ಟ್ರ್ಯಾಕರ್ ಇಲ್ಲದ ನನ್ನ ಡ್ರೋನ್ ಮೊನ್ನೆ ಬಿದ್ದಿದೆ. ಆ್ಯಪ್‌ನಲ್ಲಿ ಕೊನೆಯ ಸ್ಥಳ ಇದೆ, ಆದರೆ ಅಲ್ಲಿ ಡ್ರೋನ್ ಇಲ್ಲ. ಹೇಗೆ ಹುಡುಕಲಿ?

ಉತ್ತರ: ಆ ಬಿಂದು ಡ್ರೋನ್ ಬಿದ್ದ ಜಾಗವಲ್ಲ, ಅದು ಕೊನೆಯ ಸಲ ಮಾತನಾಡಿದ ಜಾಗ. ಈ ಎರಡರ ನಡುವಿನ ಅಂತರವನ್ನು ಅಂದಾಜು ಮಾಡಬಹುದು. ಹಾರಾಟದ ದಾಖಲೆಯನ್ನು ತೆರೆದು ಕೊನೆಯ ಕ್ಷಣದ ಎತ್ತರ, ವೇಗ, ದಿಕ್ಕು ಮೂರನ್ನೂ ಬರೆದುಕೊಳ್ಳಿ. 60 ಮೀಟರ್ ಎತ್ತರದಿಂದ ಕಲ್ಲಿನಂತೆ ಬೀಳುವ ವಸ್ತು ನೆಲ ಮುಟ್ಟಲು ಸುಮಾರು ಮೂರೂವರೆ ಸೆಕೆಂಡ್ ಬೇಕು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸಾಗುತ್ತಿದ್ದ ಡ್ರೋನ್ ಅಷ್ಟರಲ್ಲಿ 35 ಮೀಟರ್‌ನಷ್ಟು ಮುಂದೆ ಹೋಗಿರಬಹುದು. 120 ಮೀಟರ್ ಎತ್ತರವಾದರೆ ಸುಮಾರು ಐದು ಸೆಕೆಂಡ್, 50 ಮೀಟರ್. ಗಾಳಿಯ ತಡೆಯಿಂದ ಈ ದೂರ ಕಡಿಮೆಯಾಗುತ್ತದೆ, ಬೀಸುವ ಗಾಳಿ ತನ್ನ ದಿಕ್ಕಿಗೆ ಒಂದಿಷ್ಟು ತಳ್ಳುತ್ತದೆ. ಆದ್ದರಿಂದ ಬಿಂದುವಿನ ಸುತ್ತ ವೃತ್ತಾಕಾರವಾಗಿ ಹುಡುಕುವ ಬದಲು, ಅಲ್ಲಿಂದ ಹಾರಾಟದ ದಿಕ್ಕಿನಲ್ಲಿ ಮುಂದಕ್ಕೆ ಹೋಗುವ ಪಟ್ಟಿಯೊಂದನ್ನು ಮೊದಲು ಹುಡುಕಿ.

ಇದು ಡ್ರೋನ್ ಅಲ್ಲೇ ಕೆಟ್ಟು ಬಿದ್ದಿದ್ದರೆ. ಕೆಟ್ಟದ್ದು ಸಂಪರ್ಕ ಮಾತ್ರವಾಗಿದ್ದು ಡ್ರೋನ್ ಚೆನ್ನಾಗಿಯೇ ಇದ್ದಿದ್ದರೆ ಅದು ಮೊದಲೇ ನಿಗದಿಪಡಿಸಿದ ಎತ್ತರಕ್ಕೇರಿ ಹೊರಟ ಜಾಗಕ್ಕೆ ಮರಳಲು ಪ್ರಯತ್ನಿಸಿರುತ್ತದೆ. ಆಗ ಕೊನೆಯ ಬಿಂದುವಿನಿಂದ ಹೊರಟ ಜಾಗದವರೆಗಿನ ನೇರ ಗೆರೆಯೇ ಹುಡುಕಬೇಕಾದ ದಾರಿ. ಆ ಗೆರೆಯ ಮೇಲೆ ನಿಗದಿಯಾದ ಎತ್ತರಕ್ಕಿಂತ ಎತ್ತರದ ಮರ ಇದೆಯೇ ನೋಡಿ. ಇದ್ದರೆ ಅದರ ಕೊಂಬೆಗಳನ್ನು ದುರ್ಬೀನಿನಿಂದ ಪರೀಕ್ಷಿಸಿ. ಹುಡುಕುವವರು ನೆಲವನ್ನೇ ನೋಡುತ್ತ ನಡೆಯುವುದರಿಂದ ಮರದಲ್ಲಿ ಸಿಕ್ಕಿಕೊಂಡ ಡ್ರೋನ್‌ಗಳು ಎಷ್ಟೋ ಬಾರಿ ಕಣ್ಣಿಗೆ ಬೀಳುವುದಿಲ್ಲ. ವಿದ್ಯುತ್ ತಂತಿಯಲ್ಲಿ ಸಿಕ್ಕಿಕೊಂಡಿದ್ದರೆ ಕೋಲಿನಿಂದ ಎಳೆಯಲು ಹೋಗದೆ ವಿದ್ಯುತ್ ಇಲಾಖೆಗೆ ತಿಳಿಸಿ. ಹೊಲವೋ ತೋಟವೋ ಪರರದಾಗಿದ್ದರೆ ಕೇಳಿಯೇ ಒಳಗೆ ಹೋಗಬೇಕು. ಆಳೆತ್ತರದ ಬೆಳೆಯೊಳಗೆ ಸಾಲು ಬಿಟ್ಟು ನಡೆದರೆ ಅವರಿಗೆ ನಷ್ಟ.

ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳುವಾಗ ದಶಮಾಂಶದ ನಂತರ ಐದು ಅಂಕಿಗಳನ್ನಾದರೂ ಬಿಡದೆ ಬರೆಯಿರಿ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಐದನೆಯ ಅಂಕಿ ಸುಮಾರು ಒಂದು ಮೀಟರ್‌ನ ಲೆಕ್ಕ. ಮೂರೇ ಅಂಕಿ ಬರೆದುಕೊಂಡರೆ ನೂರು ಮೀಟರ್‌ನಷ್ಟು ಆಚೀಚೆಯಾದೀತು.

ಪ್ರಶ್ನೆ: ಟ್ಯಾಗ್ ಇರುವ ಡ್ರೋನನ್ನು ತಂಗಿಗೆ ಎರಡು ದಿನಕ್ಕೆ ಕೊಟ್ಟಿದ್ದೆ. ಯಾರದೋ ಟ್ಯಾಗ್ ನಿಮ್ಮ ಜೊತೆ ಚಲಿಸುತ್ತಿದೆ ಎಂದು ಅವಳ ಫೋನ್ ಎಚ್ಚರಿಸಿತಂತೆ. ಇದು ದೋಷವೇ?

ಉತ್ತರ: ದೋಷವಲ್ಲ, ಅಗತ್ಯವಾದ ರಕ್ಷಣೆ. ಒಬ್ಬರಿಗೆ ತಿಳಿಯದಂತೆ ಅವರ ಚೀಲದಲ್ಲಿ ಟ್ಯಾಗ್ ಸೇರಿಸಿ ಹಿಂಬಾಲಿಸುವ ದುರುಪಯೋಗವನ್ನು ತಡೆಯಲು ಈ ಎಚ್ಚರಿಕೆಯನ್ನು ಇಟ್ಟಿದ್ದಾರೆ. 2024ರಿಂದ ಆ್ಯಪಲ್ ಮತ್ತು ಗೂಗಲ್ ಇದಕ್ಕಾಗಿ ಸಮಾನ ಮಾನದಂಡವನ್ನೇ ಜಾರಿಗೆ ತಂದಿವೆ. ಒಡೆಯರಿಂದ ದೂರವಿರುವ ಟ್ಯಾಗ್ ಸ್ವಲ್ಪ ಹೊತ್ತಿನ ನಂತರ ತಾನಾಗಿ ಸದ್ದನ್ನೂ ಮಾಡಬಹುದು. ಡ್ರೋನನ್ನು ಮನೆಯವರೊಡನೆ ಹಂಚಿಕೊಳ್ಳುವುದಾದರೆ ಆ್ಯಪ್‌ನಲ್ಲಿಯೇ ಟ್ಯಾಗನ್ನೂ ಹಂಚಿಕೊಳ್ಳಲು ಅವಕಾಶವಿದೆಯೇ ನೋಡಿ. ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ಡ್ರೋನನ್ನು ಯಾರಾದರೂ ಎತ್ತಿಕೊಂಡು ಹೋದರೆ ಅವರ ಫೋನೂ ಹೀಗೆಯೇ ಎಚ್ಚರಿಸುತ್ತದೆ. ಕಳ್ಳತನದಿಂದ ಕಾಯುವ ಸಾಧನವೆಂದು ಟ್ಯಾಗನ್ನು ನಂಬಬೇಡಿ. ಅಂಥ ಸಂದರ್ಭದಲ್ಲಿ ನಕಾಶೆ ತೋರಿಸುವ ಮನೆಯ ಬಾಗಿಲಿಗೆ ನೀವೇ ಹೋಗದೆ ಪೊಲೀಸರಿಗೆ ತಿಳಿಸಿ. ಡ್ರೋನ್ ಸಿಕ್ಕವರಲ್ಲಿ ಹೆಚ್ಚಿನವರು ಮರಳಿಸಲು ಇಚ್ಛಿಸುವವರೇ. ಯಾರಿಗೆ ಕೊಡಬೇಕೆಂದು ಅವರಿಗೆ ಗೊತ್ತಾಗುವುದಿಲ್ಲ. ದೇಹದ ಮೇಲೊಂದು ಚೀಟಿಯಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಬರೆದು, ಅಳಿಸಿಹೋಗದಂತೆ ಪಾರದರ್ಶಕ ಟೇಪ್ ಅಂಟಿಸಿಡಿ.

ಪ್ರಶ್ನೆ: ಎಲ್ಲವನ್ನೂ ಅಳವಡಿಸಿದ್ದೇನೆ. ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಡ್ರೋನ್ ಬೀಳುವ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಬೀಳಿಸದೆಯೇ ಕಳೆದುಕೊಂಡು ನೋಡಿ. ನೀವು ಸಾಮಾನ್ಯವಾಗಿ ಹಾರಿಸುವ ಜಾಗಕ್ಕೇ ಹೋಗಿ, ಡ್ರೋನ್‌ನ ಬ್ಯಾಟರಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಡ್ರೋನನ್ನು ಗೆಳೆಯರ ಕೈಗೆ ಕೊಟ್ಟು, ಮುನ್ನೂರು ಮೀಟರ್ ದೂರದಲ್ಲಿ ಎಲ್ಲಾದರೂ ಹುಲ್ಲಿನಲ್ಲೋ ಪೊದೆಯಲ್ಲೋ ಬೆನ್ನಡಿಯಾಗಿ ಇಟ್ಟು ಬರುವಂತೆ ಹೇಳಿ, ನೀವು ನೋಡಬಾರದು. ಗೆಳೆಯರು ಮರಳಿ ಬಂದ ಮೇಲೆ ಒಂದು ಗಂಟೆ ಸುಮ್ಮನೆ ಕಾದು, ಬಳಿಕ ಟ್ರ್ಯಾಕರ್ ಹೇಳುವುದನ್ನಷ್ಟೇ ನಂಬಿ ಹೊರಡಿ. ಆ್ಯಂಟೆನಾ ನೆಲಕ್ಕೆ ಮುಖ ಮಾಡಿದ್ದಾಗ ಜಿಪಿಎಸ್ ಎಷ್ಟು ತಡವರಿಸುತ್ತದೆ, ಬಜರ್‌ನ ಸದ್ದು ಎಷ್ಟು ಹೆಜ್ಜೆ ದೂರಕ್ಕೆ ಕೇಳಿಸುತ್ತದೆ, ನಿಮ್ಮ ಟ್ಯಾಗನ್ನು ಅಲ್ಲಿ ಯಾವ ಫೋನಾದರೂ ಗ್ರಹಿಸಿತೇ ಎಂಬುದೆಲ್ಲ ಆ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಸಿಗದಿದ್ದರೆ ಗೆಳೆಯರು ಜಾಗ ತೋರಿಸುತ್ತಾರೆ, ನೀವು ಟ್ರ್ಯಾಕರ್ ಬದಲಿಸುತ್ತೀರಿ. ಋತು ಬದಲಾಗಿ ಹುಲ್ಲು, ಬೆಳೆ ಎತ್ತರವಾದಾಗ ಇನ್ನೊಮ್ಮೆ ಮಾಡಿ. ಟ್ಯಾಗ್‌ನ ಸಿಆರ್2032 ಬಿಲ್ಲೆ ಬ್ಯಾಟರಿ ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕಿಂತ ತುಸು ಹೆಚ್ಚು ಬರುತ್ತದೆ. ಅದನ್ನು ಹಾಕಿದ ದಿನಾಂಕವನ್ನು ಆ ದೂರವಾಣಿ ಸಂಖ್ಯೆಯ ಪಕ್ಕದಲ್ಲೇ ಬರೆದಿಡಿ. ಕೆಲವು ಬಿಲ್ಲೆಗಳಿಗೆ ಮಕ್ಕಳು ನುಂಗದಿರಲೆಂದು ಕಹಿ ಲೇಪನ ಹಚ್ಚಿರುತ್ತಾರೆ, ಏರ್‌ಟ್ಯಾಗ್‌ನಲ್ಲಿ ಅಂಥವು ಕೆಲವೊಮ್ಮೆ ಸಂಪರ್ಕ ಕೊಡುವುದಿಲ್ಲ. ಹಳೆಯ ಬಿಲ್ಲೆಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ನುಂಗಿದರೆ ಗಂಟೆಗಳೊಳಗೆ ಅನ್ನನಾಳವನ್ನು ಸುಡುತ್ತದೆ.

ಮುಂದೊಂದು ದಿನ ನಿಜವಾಗಿಯೇ ಬಿದ್ದ ಡ್ರೋನ್ ಸಿಕ್ಕಾಗ, ಸಂತೋಷದಲ್ಲಿ ಬ್ಯಾಟರಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಳ್ಳಬೇಡಿ. ಉಬ್ಬಿದೆಯೇ, ಬಿಸಿಯಾಗಿದೆಯೇ, ಸಿಹಿ ವಾಸನೆ ಬರುತ್ತಿದೆಯೇ ನೋಡಿ. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ತಡವಾಗಿಯೂ ಹೊತ್ತಿಕೊಳ್ಳಬಹುದು. ಅದನ್ನು ಒಣಹುಲ್ಲಿನಿಂದ ದೂರ, ಬರಿ ಮಣ್ಣಿನ ಮೇಲೋ ಕಲ್ಲಿನ ಮೇಲೋ ಇಟ್ಟು ಸ್ವಲ್ಪ ಹೊತ್ತು ಗಮನಿಸಿ, ಮತ್ತೆ ಚಾರ್ಜ್ ಮಾಡಬೇಡಿ.